ಹೊಸ ಲೈಸೆನ್ಸೇ ಕೊಡ್ತಿಲ್ಲ ಅಂತಾರೆ, ಮತ್ತೆ ನಮ್ಮೂರಲ್ಲಿ ಹೊಸ ಬಾರ್ ಬಂದದ್ದು ಹೇಗೆ?

ಓದುಗರ ಪ್ರಶ್ನೆ: 1992ರಿಂದ ಕರ್ನಾಟಕದಲ್ಲಿ ಹೊಸ ಬಾರ್ ಲೈಸೆನ್ಸ್ ಕೊಟ್ಟಿಲ್ಲ ಎಂದು ಕೇಳುತ್ತಲೇ ಇದ್ದೇವೆ. ಆದರೆ ನಮ್ಮ ತಾಲ್ಲೂಕು ಕೇಂದ್ರದಲ್ಲಿ ಕಣ್ಣೆದುರೇ ಹೊಸ ಹೊಸ ಬಾರ್ ತೆರೆಯುತ್ತಿವೆ. ಇದು ಹೇಗೆ ಸಾಧ್ಯ? ಈಗ ನಿಯಮ ಬದಲಾಯಿಸಿದರೆ ವ್ಯಾಪಾರ ಬೆಳೆಯುತ್ತದೆ, ನಾಲ್ಕು ಜನಕ್ಕೆ ಕೆಲಸ ಸಿಗುತ್ತದೆ ಎನ್ನುತ್ತಾರಲ್ಲ, ಅದು ನಿಜವೇ?

ಉತ್ತರ: ಎರಡೂ ಮಾತು ನಿಜ. ಹೊಸ ಲೈಸೆನ್ಸ್ ಕೊಟ್ಟಿಲ್ಲ ಎನ್ನುವುದೂ ನಿಜ, ಹೊಸ ಬಾರ್ ಬಂದಿರುವುದೂ ನಿಜ. ಸಣ್ಣ ಊರುಗಳ ಹೋಟೆಲು, ಲಾಡ್ಜು, ಬಾರುಗಳ ಲೆಕ್ಕಪತ್ರ ಬರೆದುಕೊಂಡು ವರ್ಷಗಳನ್ನೇ ಕಳೆದಿದ್ದೇನೆ. ಈ ಗಂಟು ಎಲ್ಲಿ ಬಿದ್ದಿದೆ ಎಂದು ಆ ಲೆಕ್ಕದ ಪುಸ್ತಕಗಳೇ ನನಗೆ ತೋರಿಸಿಕೊಟ್ಟವು.

ಮೊದಲು ಬೋರ್ಡಿನ ಮೇಲಿನ ಅಕ್ಷರಗಳು. ವೈನ್ ಶಾಪ್ ಅಂತ ನಾವು ಕರೆಯುವ, ಸೀಲ್ ಇರುವ ಬಾಟಲಿ ಮಾತ್ರ ಮಾರಬೇಕಾದ ಅಂಗಡಿ ಸಿಎಲ್-2. ಕೂತು ಕುಡಿಯುವ ಬಾರ್ ಆ್ಯಂಡ್ ರೆಸ್ಟೋರೆಂಟ್ ಸಿಎಲ್-9. ಕ್ಲಬ್ಬಿನದು ಸಿಎಲ್-4, ಊಟ ವಸತಿ ಎರಡೂ ಇರುವ ಹೋಟೆಲಿನದು ಸಿಎಲ್-7. ಸರ್ಕಾರಿ ಸಂಸ್ಥೆ ಎಂಎಸ್‌ಐಎಲ್ ನಡೆಸುವ ಮಳಿಗೆ ಸಿಎಲ್-11ಸಿ. 1992ರಲ್ಲಿ ಬಾಗಿಲು ಮುಚ್ಚಿದ್ದು ಮುಖ್ಯವಾಗಿ ಸಿಎಲ್-2 ಮತ್ತು ಸಿಎಲ್-9ಕ್ಕೆ. ಉಳಿದ ದಾರಿಗಳು ತೆರೆದೇ ಇದ್ದವು.

ಅಂಗಡಿ ಹೆಚ್ಚಾಗದಿದ್ದರೆ ಕುಡಿತವೂ ಹೆಚ್ಚಾಗದು ಎನ್ನುವುದು ಇಂಥ ತಡೆಯ ಹಿಂದಿನ ತರ್ಕ. ಕೇಳಲು ಸರಿಯಾಗಿಯೇ ಇದೆ. ಆದರೆ ಮೂರು ದಶಕದಲ್ಲಿ ಬೆಂಗಳೂರು ಎಷ್ಟು ಬೆಳೆಯಿತು, ನಮ್ಮ ತಾಲ್ಲೂಕು ಕೇಂದ್ರಗಳು ಎಷ್ಟು ಬೆಳೆದವು! ಕುಡಿಯುವವರ ಸಂಖ್ಯೆ ಏರಿತು, ಈ ಎರಡು ಬಗೆಯ ಲೈಸೆನ್ಸಿನ ಸಂಖ್ಯೆ ಇದ್ದಲ್ಲೇ ನಿಂತಿತು. ಆಗ ಬೆಲೆ ಬಂದದ್ದು ಆ ಕಾಗದಕ್ಕೆ. ಸರ್ಕಾರಕ್ಕೆ ಕಟ್ಟುವ ವಾರ್ಷಿಕ ಶುಲ್ಕ ಲಕ್ಷಗಳ ಲೆಕ್ಕದ್ದು. ಅದೇ ಲೈಸೆನ್ಸ್ ಕೈಯಿಂದ ಕೈಗೆ ಹೋಗುವಾಗ ಬೆಂಗಳೂರಿನಂಥ ಕಡೆ ಮಾತು ಕೋಟಿ ದಾಟುತ್ತದೆ. ವರ್ಗಾವಣೆಗೂ ಸ್ಥಳ ಬದಲಾವಣೆಗೂ ನಿಯಮದಲ್ಲೇ ಅವಕಾಶವಿದೆ. ಹಾಗಾಗಿ ಎಲ್ಲೋ ಮೂಲೆಯಲ್ಲಿ ಸೊರಗಿದ್ದ ಹಳೇ ಬಾರಿನ ಲೈಸೆನ್ಸ್ ನಿಮ್ಮ ಬಸ್ ಸ್ಟ್ಯಾಂಡ್ ಪಕ್ಕಕ್ಕೆ ಬಂದು ಹೊಸ ಹೆಸರು, ಹೊಸ ಲೈಟು ಹಾಕಿಕೊಳ್ಳುತ್ತದೆ. ನೀವು ನೋಡಿದ ಹೊಸ ಬಾರುಗಳಲ್ಲಿ ಕೆಲವು ಇಂಥವು.

ಉಳಿದವು ಸಿಎಲ್-7, ಅಂದರೆ ವಸತಿ ಹೋಟೆಲಿನ ಲೈಸೆನ್ಸ್. ಇದನ್ನು ಸ್ವಲ್ಪ ಹತ್ತಿರದಿಂದ ಹೇಳಬೇಕು. ಈ ಲೈಸೆನ್ಸಿಗೆ ನಿಗದಿತ ಸಂಖ್ಯೆಯ ವಸತಿ ಕೋಣೆಗಳಿರಬೇಕು. ಒಂದು ಸಲ ಆಸ್ತಿಪಟ್ಟಿ ಬರೆಯಲು ಹೆದ್ದಾರಿ ಪಕ್ಕದ ಲಾಡ್ಜೊಂದರ ಮೇಲ್ಮಹಡಿಗೆ ಹೋಗಿದ್ದೆ. ಕೆಳಗೆ ಬಾರ್ ತುಂಬಿ ತುಳುಕುತ್ತಿತ್ತು. ಮೇಲೆ ಸಾಲಾಗಿ ಬಾಗಿಲುಗಳು, ಎಲ್ಲಕ್ಕೂ ಬೀಗ. ತೆಗೆಸಿ ನೋಡಿದರೆ ಮಂಚದ ಮೇಲಿನ ಹಾಸಿಗೆಗೆ ಸುತ್ತಿದ ಪ್ಲಾಸ್ಟಿಕ್ ಹಾಗೇ ಇದೆ. ಬಚ್ಚಲಿನ ನಲ್ಲಿ ತಿರುಗಿಸಿದೆ, ತುಕ್ಕು ನೀರು ಎರಡು ಹನಿ ಬಿತ್ತು. "ಇಲ್ಲಿ ಯಾರೂ ಉಳ್ಕೊಳಲ್ವೇನಪ್ಪಾ?" ಅಂದೆ. ಜೊತೆಗೆ ಬಂದಿದ್ದ ಹುಡುಗ, "ಇಲ್ಲ ಸಾರ್, ಇವು ಲೈಸೆನ್ಸಿಗೆ ಕಟ್ಸಿದ್ ರೂಮು" ಅಂದ. ಆ ಕೋಣೆಗಳಿಗೆ ಸುರಿದ ಇಟ್ಟಿಗೆ, ಸಿಮೆಂಟು, ಬ್ಯಾಂಕಿನ ಸಾಲ ಒಬ್ಬ ರೂಮ್ ಬಾಯ್‌ಗೂ ಕೆಲಸ ಕೊಟ್ಟಿಲ್ಲ, ಒಬ್ಬ ಪ್ರಯಾಣಿಕನಿಗೂ ರಾತ್ರಿ ನಿದ್ದೆ ಕೊಟ್ಟಿಲ್ಲ. ನಿಯಮ ಹಳತಾಯಿತು ಎಂದು ನಾನು ಹೇಳುವುದು ಇದಕ್ಕೇ.

ಇನ್ನು ಕೆಲಸದ ವಿಷಯ. ಲೈಸೆನ್ಸ್ ಒಬ್ಬರ ಹೆಸರಲ್ಲಿ, ಬಾರ್ ನಡೆಸುವವರು ಇನ್ನೊಬ್ಬರು. ಇದಕ್ಕೆ ನಮ್ಮ ಕಡೆ ಸಲೀಸಾಗಿ ‘ಲೀಸ್’ ಅನ್ನುತ್ತಾರೆ. ನಿಯಮ ಇದನ್ನು ಒಪ್ಪುವುದಿಲ್ಲ, ಆದರೂ ನಡೆಯುತ್ತದೆ. ನಡೆಸುವವನು ಪ್ರತಿ ತಿಂಗಳೂ ಮೊದಲು ಲೈಸೆನ್ಸ್ ಒಡೆಯನಿಗೆ ಬಾಡಿಗೆ ಎತ್ತಿಡಬೇಕು. ಕಾಗದ ತನ್ನ ಹೆಸರಲ್ಲಿ ಇಲ್ಲವಾದ್ದರಿಂದ ಬ್ಯಾಂಕು ಅವನಿಗೆ ಸಾಲ ಕೊಡುವುದಿಲ್ಲ. ಮುಂದಿನ ಜುಲೈಗೆ (ಅಬಕಾರಿ ವರ್ಷ ಶುರುವಾಗುವುದು ಜುಲೈ 1ಕ್ಕೆ) ತಾನು ಅಲ್ಲಿ ಇರುತ್ತೇನೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಇಂಥವನು ಸಪ್ಲೈಯರ್‌ಗಳಿಗೆ ಪಿಎಫ್, ಇಎಸ್‌ಐ ಕಟ್ಟುತ್ತಾನೆಯೇ? ನಾನು ನೋಡಿದ ಎಷ್ಟೋ ಕಡೆ ಸಂಬಳದ ಪುಸ್ತಕದಲ್ಲಿದ್ದದ್ದು ಮೂರು ಹೆಸರು, ಟೇಬಲ್‌ಗಳ ನಡುವೆ ಓಡಾಡುತ್ತಿದ್ದವರು ಹನ್ನೊಂದು ಜನ. ಕೆಲಸ ಇದೆ, ಆದರೆ ಅದು ಯಾವ ದಾಖಲೆಯಲ್ಲೂ ಇಲ್ಲ.

ದಾಖಲೆಯಲ್ಲಿಲ್ಲದ ಕೆಲಸ ಎಷ್ಟು ಬೇಗ ಮಾಯವಾಗುತ್ತದೆ ಎಂದು 2017 ತೋರಿಸಿತು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು ಆದೇಶಿಸಿತ್ತು. ಕುಡಿದು ಗಾಡಿ ಓಡಿಸಿ ಜನ ಸಾಯುತ್ತಿದ್ದರು, ಆ ಕಾಳಜಿಯನ್ನು ನಾನು ಪ್ರಶ್ನಿಸುವುದಿಲ್ಲ. ನಮ್ಮಲ್ಲಿ ಬಿಸಿ ತಟ್ಟಿದ್ದು ಲೈಸೆನ್ಸ್ ನವೀಕರಣದ ಹೊತ್ತಿಗೆ, ಜುಲೈ 1ಕ್ಕೆ. ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯ ಪಬ್‌ಗಳೂ ಬಾಗಿಲು ಹಾಕಿದವು. ನಗರಸಭೆ, ಪಾಲಿಕೆಗಳ ಒಳಗಿನ ರಸ್ತೆಗಳಿಗೆ ಆದೇಶ ಅಡ್ಡಬರುವುದಿಲ್ಲ ಎಂದು ಕೋರ್ಟೇ ಅದೇ ತಿಂಗಳು ಸ್ಪಷ್ಟಪಡಿಸಿತು. ಅಷ್ಟರೊಳಗೆ ಅಡುಗೆಯವರು, ಸಪ್ಲೈಯರ್‌ಗಳು, ಕ್ಲೀನರ್‌ಗಳು ಬ್ಯಾಗ್ ಹೆಗಲಿಗೇರಿಸಿ ಊರಿಗೆ ಹೊರಟಾಗಿತ್ತು. ಅವರಿಗೆ ಪರಿಹಾರ ಕೇಳಲು ಕೈಯಲ್ಲಿ ಒಂದು ನೇಮಕಾತಿ ಪತ್ರವೂ ಇರಲಿಲ್ಲ.

ಈಗ ಹರಾಜು. ಹಂಚಿಕೆಯಾಗದೆ ಉಳಿದಿರುವ ಲೈಸೆನ್ಸ್‌ಗಳನ್ನು ಇ-ಹರಾಜಿನಲ್ಲಿ ಕೊಡುವುದಾಗಿ ಸರ್ಕಾರ 2025ರ ಮಾರ್ಚ್ ಬಜೆಟ್‌ನಲ್ಲಿ ಹೇಳಿತು. ಅದೇ ಬಜೆಟ್‌ನಲ್ಲಿ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಮದ್ಯ ಜಿಎಸ್‌ಟಿಯ ಹೊರಗಿದೆ. ರಾಜ್ಯದ ಕೈಯಲ್ಲಿ ಉಳಿದಿರುವ ಕೆಲವೇ ತೆರಿಗೆಗಳಲ್ಲಿ ಇದೊಂದು. ಅದಕ್ಕೇ ಯಾವ ಪಕ್ಷ ಬಂದರೂ ಕೈ ಇಲ್ಲಿಗೇ ಹೋಗುತ್ತದೆ. ಇಷ್ಟು ವರ್ಷ ಲೈಸೆನ್ಸ್ ಒಡೆಯರ ಜೇಬಿಗೆ ಹೋಗುತ್ತಿದ್ದ ದುಡ್ಡು ಖಜಾನೆಗೆ ಬರಲಿ, ಅದು ಒಳ್ಳೆಯದೇ. ಆದರೂ ನನಗೊಂದು ಅಳುಕಿದೆ. ಹರಾಜಿನ ರುಚಿ ಈ ರಾಜ್ಯ ಮೊದಲೇ ನೋಡಿದೆ, ಸಾರಾಯಿ ಕಾಲದಲ್ಲಿ. ಗುತ್ತಿಗೆ ಹಿಡಿದವನು ಕೂಗಿದ ಹಣ ಹುಟ್ಟಿಸಬೇಕಿತ್ತು, ಹುಟ್ಟಿಸುವ ದಾರಿ ಒಂದೇ, ಹೆಚ್ಚು ಪ್ಯಾಕೆಟ್ ಮಾರುವುದು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಕುಡಿಯುವವರು ನೈಂಟಿ, ಕ್ವಾರ್ಟರ್‌ಗೆ ಬಂದರು. ಕೋಟಿ ಕೊಟ್ಟು ಲೈಸೆನ್ಸ್ ಹಿಡಿದವನೂ ಅದೇ ಒತ್ತಡದಲ್ಲಿರುತ್ತಾನೆ.

ಆ ಒತ್ತಡ ಕೊನೆಗೆ ಹೋಗಿ ನಿಲ್ಲುವುದು ಹಳ್ಳಿಯ ಪೆಟ್ಟಿ ಅಂಗಡಿಯಲ್ಲಿ. ಪೇಟೆಯ ವೈನ್ ಶಾಪಿನಿಂದ ಬಾಕ್ಸ್‌ಗಟ್ಟಲೆ ಒಯ್ದು, ಬೆಲ್ಲ, ಬೀಡಿ, ಶಾಂಪೂ ಸ್ಯಾಷೆಗಳ ಹಿಂದೆ ಇಟ್ಟು, ಒಂದಕ್ಕೆ ಹತ್ತಿಪ್ಪತ್ತು ರೂಪಾಯಿ ಮೇಲಿಟ್ಟು ಮಾರುತ್ತಾರೆ. ಶಾಲೆ, ದೇವಸ್ಥಾನದಿಂದ 100 ಮೀಟರ್ ದೂರವಿರಬೇಕೆಂಬ ನಿಯಮ ಲೈಸೆನ್ಸ್ ಇದ್ದವನಿಗೆ. ಇವನಿಗೆ ಅದೂ ಇಲ್ಲ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಬಂದದ್ದು ನೆನಪಿದೆಯಲ್ಲ? ಅವರು ಕೇಳಿದ್ದು ಮದ್ಯ ನಿಷೇಧ. ನಿಷೇಧದಿಂದ ಕಳ್ಳಭಟ್ಟಿ ಬೆಳೆಯುತ್ತದೆ ಎನ್ನುವುದು ನನ್ನ ನಂಬಿಕೆ, ಆ ಬೇಡಿಕೆಗೆ ನನ್ನ ಒಪ್ಪಿಗೆ ಇಲ್ಲ. ಆದರೆ ಕೂಲಿ ದುಡ್ಡು ಮನೆ ತಲುಪುವ ಮುಂಚೆ ಪೆಟ್ಟಿ ಅಂಗಡಿಯಲ್ಲಿ ಕರಗುತ್ತದೆ ಎಂಬ ಅವರ ಸಂಕಟಕ್ಕೆ ಉತ್ತರ ಹೇಳದ ಯಾವ ಸುಧಾರಣೆಯನ್ನೂ ನಾನು ಸುಧಾರಣೆ ಎನ್ನಲಾರೆ.

ಹಾಗಾದರೆ ಕೆಲಸ ಹುಟ್ಟುವುದು ಎಲ್ಲಿ? ಅಗ್ಗದ ಮದ್ಯವೆಂದರೆ ಸ್ಪಿರಿಟ್ಟಿಗೆ ನೀರು, ಬಣ್ಣ, ಪರಿಮಳ ಬೆರೆಸಿ ಬಾಟಲಿಗೆ ತುಂಬುವುದು. ಅದು ಎಷ್ಟು ಲೀಟರ್ ಹೆಚ್ಚಿದರೂ ಕೈಗಳ ಸಂಖ್ಯೆ ಅಷ್ಟಾಗಿ ಹೆಚ್ಚದು. ದ್ರಾಕ್ಷಿಯ ಕಥೆ ಬೇರೆ. ರಾಜ್ಯ 2007ರಲ್ಲಿ ವೈನ್ ನೀತಿ ತಂದು, ವೈನ್ ಮಂಡಳಿ ಮಾಡಿತು. ದೊಡ್ಡಬಳ್ಳಾಪುರದ ಕಡೆ, ನಂದಿ ಬೆಟ್ಟದ ಸೀಮೆಯಲ್ಲಿ, ಅತ್ತ ವಿಜಯಪುರ, ಬಾಗಲಕೋಟೆಯಲ್ಲಿ ಚಾಟನಿ ಮಾಡುವವರಿಂದ (ಬಳ್ಳಿ ಸವರುವವರಿಂದ) ಹಿಡಿದು ಗೊಂಚಲು ಕತ್ತರಿಸುವ ಹೆಂಗಸರವರೆಗೆ ತೋಟದಲ್ಲೇ ಕೂಲಿ ಹುಟ್ಟುತ್ತದೆ, ಆಮೇಲೆ ತೊಟ್ಟಿ, ಪೀಪಾಯಿ, ನೋಡಲು ಬರುವ ಪ್ರವಾಸಿ. ಅಲ್ಲೇ ಬೀರ್ ತಯಾರಿಸಿ ಅಲ್ಲೇ ಬಡಿಸುವ ಬೆಂಗಳೂರಿನ ಮೈಕ್ರೋಬ್ರೂವರಿಗಳೂ ಹಾಗೆಯೇ: ಬೀರ್ ಕಾಯಿಸುವವರು, ದೊಡ್ಡ ಅಡುಗೆಮನೆ, ಉಳಿದ ಧಾನ್ಯದ ಚರಟ ಒಯ್ದು ಹಸುಗಳಿಗೆ ಹಾಕುವ ಹೈನುಗಾರರು. 1948ರಲ್ಲಿ ಬೆಂಗಳೂರಲ್ಲಿ ಶುರುವಾದ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ವಿಸ್ಕಿಯ ನಾಡಾದ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿತು. ಪೀಪಾಯಿಯಲ್ಲಿ ಹಣ್ಣಾಗಲು ಇಟ್ಟ ವಿಸ್ಕಿ ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಆವಿಯಾಗುವುದು ಶೇ 2ರಷ್ಟು, ಬೆಂಗಳೂರಿನ ಬಿಸಿಗೆ ಶೇ 10ಕ್ಕೂ ಹೆಚ್ಚು. ಅಷ್ಟು ನಷ್ಟ ತಾಳಿಕೊಂಡು ಹೆಸರು ಗಳಿಸಿದ ಕಸುಬು ಅದು. ಇಂಥ ಕಸುಬಿನವರಿಗೆ ನಮ್ಮ ನಿಯಮ ಪ್ರತಿ ರಾಜ್ಯದಲ್ಲೂ ಬೇರೆ ಬೇರೆ ಲೇಬಲ್ ಅನುಮತಿ, ಪ್ರತಿ ವರ್ಷ ಮತ್ತೆ ಶುಲ್ಕ ಕೇಳುತ್ತದೆ. ದೊಡ್ಡ ಕಂಪನಿಗೆ ಇದು ಲೆಕ್ಕಕ್ಕಿಲ್ಲ, ಸಣ್ಣವನಿಗೆ ಉಸಿರು ಕಟ್ಟುತ್ತದೆ.

ನನ್ನ ಕೈಯಲ್ಲಿದ್ದಿದ್ದರೆ ಮೊದಲು ಲೈಸೆನ್ಸ್ ಹೆಸರಿನವರೇ ಬಾರ್ ನಡೆಸಬೇಕೆಂಬ ನಿಯಮವನ್ನು ಗಟ್ಟಿಯಾಗಿ ಹಿಡಿಯುತ್ತಿದ್ದೆ. ನವೀಕರಣದ ಅರ್ಜಿಯ ಜೊತೆ ಕೆಲಸದವರ ಪಿಎಫ್ ಪಟ್ಟಿ ಕೇಳುತ್ತಿದ್ದೆ. ಊಟದ ಹೋಟೆಲಿಗೆ ಬೀರು, ವೈನು ಮಾತ್ರ ಕೊಡುವ ಕಡಿಮೆ ಶುಲ್ಕದ ಲೈಸೆನ್ಸ್ ಮಾಡುತ್ತಿದ್ದೆ, ಯಾರೂ ಮಲಗದ ರೂಮು ಕಟ್ಟಿಸುವ ಷರತ್ತಿಲ್ಲದೆ. ಜೊತೆಗೆ ಪಕ್ಕದ ಮಹಾರಾಷ್ಟ್ರದಿಂದ ಒಂದು ಪದ್ಧತಿ ತರುತ್ತಿದ್ದೆ. ಅಲ್ಲಿ ಮದ್ಯದಂಗಡಿ ಬೇಕೇ ಬೇಡವೇ ಎಂದು ಊರಿನವರನ್ನು ಕೇಳುವ ಮತಚೀಟಿಯ ಮೇಲೆ ನಿಂತ ಬಾಟಲಿ, ಅಡ್ಡ ಮಲಗಿದ ಬಾಟಲಿ ಎರಡು ಚಿತ್ರ ಇರುತ್ತವೆ. ಊರಿನ ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಡ್ಡ ಬಾಟಲಿಗೆ ಮತ ಹಾಕಿದರೆ ಅಂಗಡಿ ಮುಚ್ಚಲೇಬೇಕು.

ನಿಮ್ಮೂರಿನ ಬಾರುಗಳ ವಿಚಾರಕ್ಕೆ ಬಂದರೆ, ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಲೈಸೆನ್ಸ್ ಯಾವ ವರ್ಗದ್ದು, ಯಾರ ಹೆಸರಲ್ಲಿದೆ, ಇಲ್ಲಿಗೆ ಯಾವ ಊರಿನಿಂದ ಯಾವಾಗ ಸ್ಥಳಾಂತರವಾಯಿತು, ಈ ಮೂರನ್ನು ಕೇಳಿ. ಸಿಎಲ್-7 ಆಗಿದ್ದರೆ ಕೋಣೆಗಳ ಪರಿಶೀಲನಾ ವರದಿಯ ಪ್ರತಿಯನ್ನೂ ಕೇಳಿ. ಶುಲ್ಕ 10 ರೂಪಾಯಿ, ಅರ್ಜಿ 150 ಪದ ಮೀರಬಾರದು, 30 ದಿನದಲ್ಲಿ ಉತ್ತರ ಬರಬೇಕು.