ಕುಚ್ಚಲಕ್ಕಿಗೆ ಒಂದು ಅಗುಳು ಸಾಲದು

2024ರ ಜೂನ್ 1, ಶನಿವಾರ ಸಂಜೆ ಆರೂವರೆ. ಮಂಗಳೂರಿನ ಹಂಪನಕಟ್ಟೆ ಹತ್ತಿರದ ಒಂದು ಸಣ್ಣ ಹೋಟೆಲಿನಲ್ಲಿ ಗೋಳಿಬಜೆ ಆರಿ ತಣ್ಣಗಾಗಿತ್ತು. ಯಾರೂ ಮುಟ್ಟಿರಲಿಲ್ಲ. ಎಲ್ಲರ ಕಣ್ಣೂ ಟಿವಿ ಮೇಲೆ. ಲೋಕಸಭಾ ಚುನಾವಣೆಯ ಕೊನೆಯ ಹಂತದ ಮತದಾನ ಮುಗಿದಿತ್ತು, ಮತಗಟ್ಟೆ ಸಮೀಕ್ಷೆಗಳು ಒಂದೊಂದಾಗಿ ಬೀಳುತ್ತಿದ್ದವು. ಆಕ್ಸಿಸ್ ಮೈ ಇಂಡಿಯಾ ಎನ್‌ಡಿಎಗೆ 361ರಿಂದ 401 ಸೀಟು ಎಂದಿತು. ಟುಡೇಸ್ ಚಾಣಕ್ಯ ಸುಮಾರು 400 ಎಂದಿತು. ಪಕ್ಕದ ಟೇಬಲಿನ ಹಿರಿಯರೊಬ್ಬರು ಚಾ ಲೋಟ ಕೆಳಗಿಟ್ಟು, "ಇನ್ನು ಎಣಿಸ್ಲಿಕ್ಕೆ ಎಂತ ಉಂಟು ಮಾರಾಯ್ರೇ" ಎಂದರು.

ಎಣಿಸಲಿಕ್ಕೆ ತುಂಬಾ ಇತ್ತು. ಸೋಮವಾರ ಷೇರುಪೇಟೆಯ ಸೆನ್ಸೆಕ್ಸ್ 2,500ಕ್ಕೂ ಹೆಚ್ಚು ಅಂಕ ಏರಿತು. ಮಂಗಳವಾರ ಎಣಿಕೆ ಶುರುವಾಯಿತು, ಅದೇ ಸೆನ್ಸೆಕ್ಸ್ ಸುಮಾರು 4,390 ಅಂಕ ಬಿತ್ತು. ಬಿಜೆಪಿಗೆ ಬಂದದ್ದು 240, ಎನ್‌ಡಿಎಗೆ ಒಟ್ಟು 293. ಆಕ್ಸಿಸ್ ಸಂಸ್ಥೆಯ ಮುಖ್ಯಸ್ಥರು ಟಿವಿ ನೇರಪ್ರಸಾರದಲ್ಲೇ ಕಣ್ಣೀರು ಹಾಕಿದರು. ನಿವೃತ್ತ ಬ್ಯಾಂಕಿನವರು ಬೀದಿಗೊಬ್ಬರಂತೆ ಇರುವ ಊರು ನಮ್ಮದು. ಆ ದಿನ ಎಷ್ಟು ಮನೆಗಳಲ್ಲಿ ಮಧ್ಯಾಹ್ನದ ಊಟ ರುಚಿಸಲಿಲ್ಲವೋ!

ಹೋಟೆಲಿನ ಹಿರಿಯರು ಪೂರ್ತಿ ತಪ್ಪು ಹೇಳಿದ್ದರಾ? ಇಲ್ಲ. ದಕ್ಷಿಣ ಕನ್ನಡದಲ್ಲಿ ಬ್ರಿಜೇಶ್ ಚೌಟ, ಉಡುಪಿ-ಚಿಕ್ಕಮಗಳೂರಿನಲ್ಲಿ ಕೋಟ ಶ್ರೀನಿವಾಸ ಪೂಜಾರಿ ಗೆಲ್ಲುತ್ತಾರೆ ಎಂದು ಅವರು ಏಪ್ರಿಲ್‌ನಿಂದಲೇ ಹೇಳುತ್ತಿದ್ದರು. ಇಬ್ಬರೂ ಗೆದ್ದರು. ಅವರು ಎಡವಿದ್ದು ನಮ್ಮೂರಿನ ಗಾಳಿಯೇ ಉತ್ತರ ಪ್ರದೇಶದಲ್ಲೂ ಬೀಸುತ್ತಿದೆ ಎಂದುಕೊಂಡದ್ದರಲ್ಲಿ. ಕರಾವಳಿ ಈ ತಪ್ಪು ಮಾಡಿದ್ದು ಅದೇ ಮೊದಲಲ್ಲ. ಹಳೆಯ ಕತೆ ಇದು.

1977ಕ್ಕೆ ಹೋಗೋಣ. ತುರ್ತು ಪರಿಸ್ಥಿತಿ ಆಗಷ್ಟೇ ಸಡಿಲಾಗಿತ್ತು. ಉತ್ತರದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು, ದಿಲ್ಲಿಯಲ್ಲಿ ಜನತಾ ಸರ್ಕಾರ ಬಂತು. ಇಲ್ಲಿ? ಕರ್ನಾಟಕದ 28ರಲ್ಲಿ 26 ಕಾಂಗ್ರೆಸ್ಸಿಗೆ. ಮಂಗಳೂರಿನಲ್ಲಿ ಜನಾರ್ದನ ಪೂಜಾರಿ, ಉಡುಪಿಯಲ್ಲಿ ಟಿ.ಎ. ಪೈ. ಮಂಗಳೂರಿನ ಚಾ ಅಂಗಡಿಯಲ್ಲಿ ಕೂತು ದೇಶದ ಭವಿಷ್ಯ ಹೇಳಿದವನಿಗೆ ಆ ವರ್ಷ ಇಂದಿರಾ ಗಾಂಧಿಯೇ ಮತ್ತೆ ಪ್ರಧಾನಿ ಎಂದು ಕಂಡಿರಬೇಕು. ಮರುವರ್ಷ ಅವರು ಘಟ್ಟದ ಮೇಲಿನ ಚಿಕ್ಕಮಗಳೂರಿಗೇ ಬಂದು ಉಪಚುನಾವಣೆ ಗೆದ್ದರು, ಅದು ಬೇರೆ ಮಾತು.

1989ರಲ್ಲೂ ಅದೇ ಆಟ. ರಾಜ್ಯದ 28ರಲ್ಲಿ 27 ಕಾಂಗ್ರೆಸ್ಸಿಗೆ, ದಿಲ್ಲಿಯಲ್ಲಿ ರಾಜೀವ್ ಗಾಂಧಿಗೆ ಸೋಲು. 2004 ಮತ್ತು 2009ರಲ್ಲಿ ಬಣ್ಣ ಮಾತ್ರ ಬದಲಾಯಿತು. ಕರಾವಳಿಯ ಎರಡೂ ಸೀಟು ಬಿಜೆಪಿಗೆ, ದಿಲ್ಲಿ ಕಾಂಗ್ರೆಸ್ ಕೂಟಕ್ಕೆ. ಲೆಕ್ಕ ಹಾಕಿದರೆ 1977ರಿಂದ ಈಚೆ ನಾಲ್ಕು ಸಲ ನಮ್ಮ ಇಬ್ಬರು ಎಂಪಿಗಳೂ ಒಟ್ಟಿಗೆ ವಿರೋಧ ಪಕ್ಷದ ಬೆಂಚಿನಲ್ಲಿ ಕೂತಿದ್ದಾರೆ.

ದಿಲ್ಲಿ ಬಿಡಿ, ಮಂಗಳೂರನ್ನು ನೋಡಿ ಉಡುಪಿಯನ್ನೇ ಹೇಳಲಾಗುತ್ತಿರಲಿಲ್ಲ. 1991, 1996, 1999, ಮೂರೂ ಸಲ ಮಂಗಳೂರಿನಲ್ಲಿ ಬಿಜೆಪಿಯ ಧನಂಜಯ ಕುಮಾರ್ ಗೆದ್ದರೆ ಉಡುಪಿ ಕಾಂಗ್ರೆಸ್ಸಿಗೆ ಹೋಯಿತು. ಎರಡು ಸಲ ಆಸ್ಕರ್ ಫರ್ನಾಂಡಿಸ್, ಕೊನೆಗೆ ವಿನಯಕುಮಾರ್ ಸೊರಕೆ. ಒಂದೇ ಕಡಲು, ಒಂದೇ ಹೆದ್ದಾರಿ, ಮದುವೆಗೆ ಹೆಣ್ಣು ಕೊಟ್ಟು ತಂದುಕೊಳ್ಳುವ ಊರುಗಳು. ಆದರೂ ಮತ ಬೇರೆ ಬೇರೆ. 1968ರಷ್ಟು ಹಿಂದೆಯೇ ಉಡುಪಿ ಪುರಸಭೆಯನ್ನು ಜನಸಂಘ ಗೆದ್ದು ವಿ.ಎಸ್. ಆಚಾರ್ಯ ಅಧ್ಯಕ್ಷರಾಗಿದ್ದರು. ಅದನ್ನು ನೋಡಿದವರು ಲೋಕಸಭೆಗೂ ಹಾಗೇ ಆಗುತ್ತದೆ ಎಂದು ಕಾದಿದ್ದರೆ 1998ರ ತನಕ, ಅಂದರೆ ಮೂವತ್ತು ವರ್ಷ ಕಾಯಬೇಕಿತ್ತು.

ಈಗಂತೂ 'ಉಡುಪಿಯ ಗಾಳಿ' ಎಂಬ ಮಾತಿಗೆ ಅರ್ಧ ಬೆಲೆ ಮಾತ್ರ. 2009ರಿಂದ ಈ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ನಾಲ್ಕು ಘಟ್ಟದ ಮೇಲಿವೆ: ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ. ಉಡುಪಿ ಜಿಲ್ಲೆಯದೇ ಆದ ಬೈಂದೂರು ಮತ ಹಾಕುವುದು ಶಿವಮೊಗ್ಗದ ಎಂಪಿಗೆ. ಮಲ್ಪೆಯ ದಕ್ಕೆಯಲ್ಲಿ ಮೀನು ಇಳಿಸುವವರನ್ನು ಕೇಳಿದರೆ ತರೀಕೆರೆಯ ಅಡಕೆ ತೋಟದ ಮನಸ್ಸು ಹೇಗೆ ಗೊತ್ತಾಗಬೇಕು?

ಹಾಗಾದರೆ ಸಮೀಕ್ಷೆಯವರೇ ವಾಸಿ ಅಲ್ವಾ, ದೇಶವೆಲ್ಲ ಸುತ್ತುತ್ತಾರೆ? ಅವರ ದಾರಿಯೂ ಉದ್ದವಿದೆ. 1950ರ ದಶಕದಲ್ಲಿ ಅರ್ಥಶಾಸ್ತ್ರಜ್ಞ ಎರಿಕ್ ಡ ಕೋಸ್ಟಾ ದಿಲ್ಲಿಯಲ್ಲಿ ಜನಾಭಿಪ್ರಾಯ ಅಳೆಯುವ ಸಂಸ್ಥೆ ಕಟ್ಟಿದರು. 1963ರಲ್ಲಿ ರಜನಿ ಕೊಠಾರಿ ಸಿಎಸ್‌ಡಿಎಸ್ ಎಂಬ ಸಂಶೋಧನಾ ಸಂಸ್ಥೆ ಶುರು ಮಾಡಿದರು. ಅಲ್ಲಿಯವರಿಗೆ ಯಾರು ಗೆಲ್ಲುತ್ತಾರೆ ಎನ್ನುವುದಕ್ಕಿಂತ ಜನ ಯಾಕೆ ಹೀಗೆ ಮತ ಹಾಕುತ್ತಾರೆ ಎಂಬ ಕುತೂಹಲವೇ ಜಾಸ್ತಿ. ಸೀಟಿನ ಭವಿಷ್ಯ ದೊಡ್ಡ ಆಟವಾದದ್ದು 1980ರ ಹೊತ್ತಿಗೆ. ಪ್ರಣಯ್ ರಾಯ್, ಅಶೋಕ್ ಲಾಹಿರಿ ಮತ್ತು ಬ್ರಿಟನ್ನಿನ ಡೇವಿಡ್ ಬಟ್ಲರ್ ಮತಗಳ ಪಾಲು ಎಷ್ಟು ಓಲಾಡಿತು ಎಂಬುದನ್ನಷ್ಟೇ ಹಿಡಿಯದೆ, ವಿರೋಧ ಪಕ್ಷಗಳು ಎಷ್ಟು ಒಗ್ಗಟ್ಟಾಗಿವೆ ಎಂಬುದಕ್ಕೂ ಒಂದು ಅಳತೆ ತಂದರು. ನನ್ನ ಲೆಕ್ಕದಲ್ಲಿ ಇಡೀ ಕತೆಯಲ್ಲಿ ನಿಜವಾದ ಬುದ್ಧಿ ಕಾಣುವುದು ಇಲ್ಲಿ. ನಮ್ಮಲ್ಲಿ ಗೆಲ್ಲಲು ಅರ್ಧ ಮತ ಬೇಕಿಲ್ಲ, ಎದುರಿನವರು ಒಡೆದರೆ ಸಾಕು. ಅದನ್ನು ಲೆಕ್ಕಕ್ಕೆ ಹಿಡಿಯದ ಸಮೀಕ್ಷೆ ಸುಮ್ನೆ ಜನಗಣತಿ.

ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಸಾಕು ಎನ್ನುತ್ತೇವೆ. ಒಂದೇ ಪಾತ್ರೆ, ಒಂದೇ ಅಕ್ಕಿ, ಒಂದೇ ಬೆಂಕಿಯಾದರೆ ಅದು ಸರಿ. ದೇಶದಲ್ಲಿ ಇರುವುದು 543 ಪಾತ್ರೆ. ಒಂದರಲ್ಲಿ ಬೆಳ್ತಿಗೆ, ಇನ್ನೊಂದರಲ್ಲಿ ಕುಚ್ಚಲಕ್ಕಿ. ಬೆಳ್ತಿಗೆ ಬೆಂದು ಬಸಿದರೂ ಕುಚ್ಚಲಕ್ಕಿ ಇನ್ನೂ ಒಲೆ ಮೇಲೆ ಕುದಿಯುತ್ತಲೇ ಇರುತ್ತದೆ. ಒಟ್ಟು ದೇಶದ ಮತಪಾಲನ್ನು ಸಮೀಕ್ಷೆ ಸುಮಾರಾಗಿ ಹಿಡಿಯಬಹುದು. ಆ ಪಾಲು ಯಾವ ಪಾತ್ರೆಗೆ ಎಷ್ಟು ಬಿತ್ತು ಎನ್ನುವಲ್ಲಿ ಕೈ ಸೋಲುತ್ತದೆ.

2018ರ ನಮ್ಮ ವಿಧಾನಸಭೆಯನ್ನೇ ನೋಡಿ. ಕಾಂಗ್ರೆಸ್ಸಿಗೆ ಶೇಕಡಾ 38 ಮತ, 80 ಸೀಟು. ಬಿಜೆಪಿಗೆ ಶೇಕಡಾ 36 ಮತ, 104 ಸೀಟು. ಮತ ಹೆಚ್ಚು ಪಡೆದವರು ಸೀಟಿನಲ್ಲಿ ಹಿಂದೆ. ಇನ್ನು 2024. ಬಿಜೆಪಿಯ ಮತ 2019ರ 37.4ರಿಂದ 36.6ಕ್ಕೆ ಇಳಿಯಿತು, ಒಂದು ಶೇಕಡಾವೂ ಪೂರ್ತಿ ಇಲ್ಲ. ಸೀಟು ಮಾತ್ರ 303ರಿಂದ 240ಕ್ಕೆ. ಸಮೀಕ್ಷೆಯವರು ಎರಡು ಮೂರು ಶೇಕಡಾ ಹೆಚ್ಚುಕಮ್ಮಿ ಆಗಬಹುದು ಎಂದು ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಆ ಸಣ್ಣ ಅಕ್ಷರದೊಳಗೆ ಇಡೀ ಸರ್ಕಾರ ಅಡಗಿರುತ್ತದೆ.

2004ರಲ್ಲಿ ಹೆಚ್ಚಿನವರು ಎನ್‌ಡಿಎಗೆ 230ರ ಮೇಲೆ ಕೊಟ್ಟಿದ್ದರು, ಬಂದದ್ದು 190ರ ಒಳಗೆ. 2009ರಲ್ಲಿ ಕಾಂಗ್ರೆಸ್ಸಿನ 206 ಯಾರ ಕಣ್ಣಿಗೂ ಸರಿಯಾಗಿ ಬೀಳಲಿಲ್ಲ. 2014ರಲ್ಲಿ ಚಾಣಕ್ಯ, 2019ರಲ್ಲಿ ಆಕ್ಸಿಸ್ ಗುರಿ ಮುಟ್ಟಿದವು, ಹೆಸರು ಮಾಡಿದವು. 2024ರಲ್ಲಿ ಅವೇ ಎರಡು ದೊಡ್ಡದಾಗಿ ಜಾರಿದವು. ಒಮ್ಮೆ ಹೊಡೆದ ಬಾಣವನ್ನು ನೋಡಿ ಬಿಲ್ಲುಗಾರನನ್ನು ನಂಬಬಾರದು ಎನ್ನುವುದು ಕಂಬಳದಲ್ಲಿ ಬಾಜಿ ಕಟ್ಟಿದವರಿಗೆ ಚೆನ್ನಾಗಿ ಗೊತ್ತು. ಹೋದ ವಾರ ಗೆದ್ದ ಕೋಣ ಈ ವಾರ ಓಟದ ಕೊನೆಯ ಮಂಜೊಟ್ಟಿ ಮುಟ್ಟುವ ಮುಂಚೆ ಹಿಂದೆ ಬೀಳುವುದಿಲ್ಲವೇ.

ಕಾನೂನೂ ಈ ನಡುವೆ ಬಂತು. 1998ರಲ್ಲಿ ಚುನಾವಣಾ ಆಯೋಗ ಸಮೀಕ್ಷೆಗಳನ್ನು ತಡೆಯಲು ನೋಡಿತ್ತು, ಅದು ನಿಲ್ಲಲಿಲ್ಲ. ಕೊನೆಗೆ ಜನಪ್ರತಿನಿಧಿ ಕಾಯ್ದೆಗೆ 126ಎ ಎಂಬ ಕಲಂ ಸೇರಿತು. ಮೊದಲ ಹಂತ ಶುರುವಾದಾಗಿನಿಂದ ಕೊನೆಯ ಹಂತ ಮುಗಿದು ಅರ್ಧ ಗಂಟೆ ಆಗುವ ತನಕ ಮತಗಟ್ಟೆ ಸಮೀಕ್ಷೆ ಹಾಕುವಂತಿಲ್ಲ. ಹಾಕಿದರೆ ಎರಡು ವರ್ಷದವರೆಗೆ ಜೈಲಾಗಬಹುದು. 2024ರಲ್ಲಿ ನಾವು ಏಪ್ರಿಲ್ 26ಕ್ಕೇ ಮತ ಹಾಕಿ ಬೆರಳಿನ ಶಾಯಿ ಮಾಸುವ ತನಕ, ಎಣಿಕೆಗೆ 39 ದಿನ ಕಾದೆವು. ಅದರಲ್ಲಿ 36 ದಿನ ಇದರೊಳಗೇ.

ಆ 39 ದಿನ ಊರಲ್ಲಿ ಬೇರೆಯದೇ ಸಮೀಕ್ಷೆ ನಡೆಯುತ್ತದೆ. ಮತದಾರರ ಪಟ್ಟಿಯ ಹಾಳೆ ಹಿಡಿದ ಬೂತ್ ಕಾರ್ಯಕರ್ತ ಮನೆ ಮನೆ ಬಲ್ಲವನು. ಯಾವ ಮನೆಯ ಮಗ ಗಲ್ಫಿನಿಂದ ಬರಲಿಲ್ಲ, ಯಾವ ಮನೆಯವರು ಮುಂಬೈಯಿಂದ ಮತ ಹಾಕಲೆಂದೇ ಬಸ್ಸು ಹತ್ತಿದರು, ಯಾರು ಈ ಸಲ ಮುಖ ತಿರುಗಿಸಿದರು, ಎಲ್ಲ ಅವನ ಪೆನ್ಸಿಲ್ ಗುರುತಿನಲ್ಲಿ ಇದೆ. ಮತಯಂತ್ರ ಬಂದ ಮೇಲೆ ಬೂತುವಾರು ಎಣಿಕೆಯೂ ಸಿಗುವುದರಿಂದ ಹೋದ ಸಲದ ತಪ್ಪನ್ನು ಅವನು ತಿದ್ದಿಕೊಳ್ಳುತ್ತಾನೆ. ಆದರೆ ಅವನೂ ತನ್ನ ಪಕ್ಷದ ಕನ್ನಡಕ ಕಳಚುವುದಿಲ್ಲ. ಎರಡೂ ಪಕ್ಷದ ಬೂತಿನವರ ಲೆಕ್ಕ ಕೂಡಿಸಿದರೆ ಪಟ್ಟಿಯಲ್ಲಿ ಇರುವುದಕ್ಕಿಂತ ಜಾಸ್ತಿ ಮತವಾದೀತು!

ಕೇಳುವವರಿಗೆ ಉತ್ತರಿಸುವವರದೂ ಒಂದು ಜಾಣತನ ಇದೆ. "ಈ ಸರ್ತಿ ಏರ್ ಬರ್ಪೆರ್?" ಎಂದು ತುಳುವಿನಲ್ಲಿ ಕೇಳಿದರೆ, ಈ ಸಲ ಯಾರು ಬರುತ್ತಾರೆ ಎಂದು ಅರ್ಥ. ಸಿಗುವ ಉತ್ತರ "ತೂಕ". ಅಂದರೆ ನೋಡೋಣ. ಕನ್ನಡದವನಿಗೆ ಅದು ತಕ್ಕಡಿಯ ತೂಕದಂತೆ ಕೇಳಿಸುತ್ತದೆ. ಸಮೀಕ್ಷೆಯವರೂ ಹೆಂಗಸರು, ಹಳ್ಳಿಯವರು, ಇಂಥ ಜಾತಿಯವರು ಕಡಿಮೆ ಸಿಕ್ಕಿದರೆ ಸಿಕ್ಕವರ ಉತ್ತರಕ್ಕೆ ಜಾಸ್ತಿ ತೂಕ ಕೊಟ್ಟು ಸರಿಮಾಡುತ್ತಾರೆ. "ತೂಕ" ಎಂದವರಿಗೆ ಎಷ್ಟು ತೂಕ ಕೊಡುವುದು ಅನ್ನುವುದಕ್ಕೆ ಮಾತ್ರ ಇನ್ನೂ ಸೂತ್ರ ಸಿಕ್ಕಿಲ್ಲ.

2024ರಲ್ಲಿ ದಕ್ಷಿಣ ಕನ್ನಡದ ಗೆಲುವು ಸುಲಭದ ಪ್ರಶ್ನೆಯಾಗಿತ್ತು, ಕಷ್ಟದ್ದು ಅಂತರ. 2019ರಲ್ಲಿ ನಳಿನ್ ಕುಮಾರ್ ಕಟೀಲ್ 2.74 ಲಕ್ಷದಿಂದ ಗೆದ್ದಿದ್ದರು. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಎಣಿಕೆ ಮುಗಿದಾಗ ಚೌಟರ ಅಂತರ 1.49 ಲಕ್ಷ. ನೋಟಾ, ಅಂದರೆ ಯಾರೂ ಬೇಡ ಎಂಬ ಗುಂಡಿ ಒತ್ತಿದವರು 23 ಸಾವಿರಕ್ಕೂ ಹೆಚ್ಚು. ಬೆಳ್ತಂಗಡಿ ಕಡೆಯ ಒಂದು ಹಳೆಯ ಪ್ರಕರಣದಲ್ಲಿ ನ್ಯಾಯ ಸಿಗಲಿಲ್ಲ ಎಂದು ಸಿಟ್ಟಾದವರು ನೋಟಾ ಒತ್ತಿ ಎಂದು ಊರೂರು ಸುತ್ತಿದ್ದರು. ಟಿವಿಯವರ ಕೋಷ್ಟಕದಲ್ಲಿ ಅದಕ್ಕೊಂದು ಕಂಬವೇ ಇರಲಿಲ್ಲ. ಬೆಳ್ತಂಗಡಿ ಬಸ್ಸಿನಲ್ಲಿ ಒಂದು ವಾರ ಓಡಾಡಿದವರಿಗೆ ಅದು ಮೇ ತಿಂಗಳಿಗೇ ಗೊತ್ತಿತ್ತು.