ಗ್ಲಾಸ್ ಒಡೆಯುವುದು ಶುಭಕ್ಕಲ್ಲ ಮಾರಾಯ್ರೆ

ಪ್ರಶ್ನೆ: ಯಹೂದಿ ಮದುವೆಯಲ್ಲಿ ವರ ಗ್ಲಾಸ್ ತುಳಿದು ಒಡೆಯುತ್ತಾನಲ್ಲ, ಯಾಕೆ? ಎಷ್ಟು ಚೂರಾಗುತ್ತದೋ ಅಷ್ಟು ವರ್ಷ ಸಂಸಾರ ಚೆನ್ನಾಗಿರುತ್ತಂತೆ, ನಿಜವಾ?

ಉತ್ತರ: ಮತ್ತೆ ಅದೇ! ಯಾವುದೋ ಸಿನಿಮಾದಲ್ಲಿ ಈ ದೃಶ್ಯ ಬಂದರೆ ಸಾಕು, ಈ ಪ್ರಶ್ನೆ ಬಂತೆಂದೇ ಲೆಕ್ಕ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಅವರ ಶಾಸ್ತ್ರದಲ್ಲಿ ಚೂರಿನ ಲೆಕ್ಕವೇ ಇಲ್ಲ. ಗ್ಲಾಸನ್ನು ಬಟ್ಟೆಯಲ್ಲಿ ಸುತ್ತಿ ಕಾಲಡಿ ಇಡುತ್ತಾರೆ, ಗಾಜು ಚುಚ್ಚಬಾರದಲ್ವಾ. ಇನ್ನು ಎಣಿಸುವುದೆಲ್ಲಿಂದ ಬಂತು?

ನಾವು ಕಾಯಿ ಒಡೆಯುವ ಹಾಗೆ ಇದೂ ಶುಭಕ್ಕೇ ಅಂತ ನಿಮಗೆ ಅನಿಸುವುದು ಸಹಜ. ಒಡೆದ ಕೂಡಲೇ ನೆಂಟರೆಲ್ಲ ‘ಮಝೆಲ್ ತೋವ್’ (ಶುಭವಾಗಲಿ) ಅಂತ ಕೂಗುತ್ತಾರೆ, ಹಾಡು ಶುರುವಾಗುತ್ತದೆ. ಆದರೆ ಆ ಕೂಗು ಜೋಡಿಗೆ, ಗಾಜಿಗಲ್ಲ. ಗಾಜು ದುಃಖದ ಗುರುತು. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಕೆಡವಿದರು. ಎಷ್ಟೇ ಖುಷಿಯಿದ್ದರೂ ಅದನ್ನು ಮರೆಯಬಾರದು ಅನ್ನುವುದು ಇದರ ಅರ್ಥ. ಎಷ್ಟೋ ಕಡೆ ವರ ಮೊದಲು ಬೈಬಲಿನ 137ನೇ ಕೀರ್ತನೆಯ ಸಾಲು ಹೇಳುತ್ತಾನೆ: ಜೆರುಸಲೇಮನ್ನು ಮರೆತರೆ ನನ್ನ ಬಲಗೈ ಬಿದ್ದುಹೋಗಲಿ ಅನ್ನುವ ಅರ್ಥದ್ದು. ಇದು ಶುಭ ಶಕುನದ ಮಾತಾ, ನೀವೇ ಹೇಳಿ.

ಜರ್ಮನಿಯ ಕೆಲವು ಹಳೇ ಸಿನಗಾಗ್‌ಗಳ (ಯಹೂದಿ ಪ್ರಾರ್ಥನಾ ಮಂದಿರಗಳ) ಹೊರಗೋಡೆಯಲ್ಲಿ ಗ್ಲಾಸ್ ಎಸೆದು ಒಡೆಯಲೆಂದೇ ಕೆತ್ತಿದ ಕಲ್ಲು ಇತ್ತು. ಅದು ದೆವ್ವ ಓಡಿಸುವ ಉಪಾಯ ಅನ್ನುವ ವಿದ್ವಾಂಸರೂ ಇದ್ದಾರೆ. ಇರಲಿ, ಆ ವಾದದಲ್ಲೂ ಚೂರು ಎಣಿಸಿದವರಿಲ್ಲ.

ಯಹೂದಿಗಳ ಹಳೇ ಧರ್ಮಗ್ರಂಥ ತಾಲ್ಮುದ್‌ನಲ್ಲಿ ಇನ್ನೂ ಚೆನ್ನಾದ ಪ್ರಸಂಗವಿದೆ. ರವೀನಾ ಅನ್ನುವವರ ಮಗ ಮಾರ್ ದೊಡ್ಡ ಪಂಡಿತ. ಆತನ ಮಗನ ಮದುವೆ ಊಟಕ್ಕೆ ಬಂದ ಗುರುಗಳು ಸಂಭ್ರಮದಲ್ಲಿ ಸ್ವಲ್ಪ ಜಾಸ್ತಿಯೇ ಮೈಮರೆತರು. ಆತ ಸುಮ್ನೆ ಒಳಗಿಂದ 400 ಝೂಝ್ (ಆ ಕಾಲದ ಬೆಳ್ಳಿ ನಾಣ್ಯ) ಬೆಲೆಯ ಬಟ್ಟಲು ತರಿಸಿ ಅವರ ಕಣ್ಣೆದುರೇ ಒಡೆದ. ಎಲ್ಲರ ಮುಖ ಸಪ್ಪಗಾಯಿತು.

400 ಝೂಝ್ ಎಷ್ಟು ದೊಡ್ಡ ಮೊತ್ತ ಗೊತ್ತಾ? ಕೆತುಬಾದಲ್ಲಿ ಮೊದಲ ಮದುವೆಯ ಹುಡುಗಿಗೆ ಬರೆಯುವುದೇ 200. ಕೆತುಬಾ ಅಂದರೆ ಮದುವೆಯ ಕರಾರುಪತ್ರ, ಅರಾಮಿಕ್ ಭಾಷೆಯಲ್ಲಿರುತ್ತದೆ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಇದನ್ನು ವರದಕ್ಷಿಣೆ ಅಂದುಕೊಂಡವರೂ ಇದ್ದಾರೆ. ಪೂರ್ತಿ ಉಲ್ಟಾ! ಹೆಂಡತಿಗೆ ಊಟ, ಬಟ್ಟೆ ಕೊಡುತ್ತೇನೆ, ಬಿಟ್ಟರೆ ಅಥವಾ ಸತ್ತರೆ ಇಷ್ಟು ಹಣ ಅವಳಿಗೆ ಸೇರಬೇಕು ಅಂತ ಗಂಡಿನ ಕಡೆಯಿಂದ ಬರೆದುಕೊಡುವ ಪತ್ರ ಅದು. ಇಬ್ಬರು ಸಾಕ್ಷಿಗಳ ಸಹಿ ಬೇಕು. ಹುಪ್ಪಾ ಅನ್ನುವ ಚಪ್ಪರದಡಿ ಅದನ್ನು ಗಟ್ಟಿಯಾಗಿ ಓದಿ ಹುಡುಗಿಯ ಕೈಗೆ ಕೊಡುತ್ತಾರೆ. ಈಗ ಬಣ್ಣದಲ್ಲಿ ಚಿತ್ರ ಬರೆಸಿ, ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕುವವರು ಬಹಳ. ಕಳೆದುಹೋದರೆ ಮಾತ್ರ ಕಷ್ಟ. ಅದಿಲ್ಲದೆ ಗಂಡ ಹೆಂಡತಿ ಒಟ್ಟಿಗೆ ಇರುವ ಹಾಗಿಲ್ಲ, ಹೊಸದಾಗಿ ಬರೆಸಲೇಬೇಕು.