ಗಾಜಿನ ಪೆಟ್ಟಿಗೆಯೊಳಗಿನ ಸತು

ಬೀದರಿನ ಮಕ್ಕಳಿಗೆ ಬಿದರಿ ಹೊಸದಲ್ಲ. ಸನ್ಮಾನದಲ್ಲಿ ಬಂದ ಒಂದು ಬಿದರಿ ಸಾಮಾನು ಎಷ್ಟೋ ಮನೆಗಳ ಶೋಕೇಸಿನಲ್ಲಿ ಇರುತ್ತದೆ. ಅದಕ್ಕೇ ಮ್ಯೂಸಿಯಂನಲ್ಲಿ ಬಿದರಿ ಹೂಜಿ ಕಂಡರೆ ಒಂದು ನಿಮಿಷವೂ ನಿಲ್ಲುವುದಿಲ್ಲ. ಮೊದಲ ವರ್ಷ ನಾನು ಗಾಜಿನ ಪೆಟ್ಟಿಗೆ ಮುಂದೆ ನಿಂತು, ಬಹಮನಿ ಸುಲ್ತಾನರಿಂದ ಶುರು ಮಾಡಿ ಅರ್ಧ ಗಂಟೆ ಮಾತಾಡಿದೆ. ಮಕ್ಕಳು ಬರೆದುಕೊಂಡರು, ಮರೆತರು. ತಪ್ಪು ನನ್ನದೇ. ಯಾರು, ಯಾವಾಗ ಅಂತ ಹೇಳುತ್ತಾ ಹೋದೆ. ಹೇಗೆ ಅನ್ನುವ ಪ್ರಶ್ನೆ ಏಳಲೇ ಇಲ್ಲ.

ಈಗ ಮ್ಯೂಸಿಯಂಗೆ ಹೋಗುವ ಮೊದಲು ಒಂದು ಬಿದರಿ ಕಾರ್ಖಾನೆಯಿಂದ ಎರಕ ಹೊಯ್ದ, ಇನ್ನೂ ಕೆತ್ತನೆ ಆಗದ ತುಂಡು ತರುತ್ತೇನೆ. ಸುಮ್ನೆ ಕೈಗೆ ಕೊಡುತ್ತೇನೆ. ಬೂದು ಬಣ್ಣ, ಒಳ್ಳೆ ಭಾರ. "ಬಿದರಿ ಕರ್ರಗಿರ್ತದಲ್ರಿ ಸರ್, ಇದು ಹಿಂಗ್ಯಾಕ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ.

ಆಗ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀಲಿ ನೀರಿನಲ್ಲಿ ಬಟ್ಟೆ ಅದ್ದಿ ಮೇಲೆ ಒರೆಸುತ್ತೇನೆ. ಕಣ್ಣೆದುರೇ ಕಪ್ಪಾಗುತ್ತದೆ. ಕುಶಲಕರ್ಮಿಗಳು ಮಾಡುವುದೂ ಇದನ್ನೇ. ಕಪ್ಪಿನ ಮೇಲೆ ಉಳಿಯಿಂದ ಗೆರೆ ಎಳೆದರೆ ಚಿತ್ತಾರ ಬೆಳ್ಳಗೆ ಎದ್ದು ಕಾಣುತ್ತದೆ. ಹತ್ತನೇ ತರಗತಿಯ ಸ್ಥಾನಪಲ್ಲಟ ಕ್ರಿಯೆ ಇದು. ಬಿದರಿ ಎರಕದಲ್ಲಿ ಹೆಚ್ಚಿನ ಪಾಲು ಸತು. ಅದು ಕರಗಿ ದ್ರಾವಣಕ್ಕೆ ಇಳಿಯುತ್ತದೆ, ತಾಮ್ರ ಹೊರಬಂದು ಮೇಲೆ ಕೂರುತ್ತದೆ. "ತಾಮ್ರ ಕೆಂಪಲ್ವಾ ಸರ್?" ಒಳ್ಳೆ ಪ್ರಶ್ನೆ. ತೀರಾ ಸಣ್ಣ ಪುಡಿಯಾಗಿ ಕೂತಾಗ ಅದು ಕಪ್ಪಾಗಿಯೇ ಕಾಣುತ್ತದೆ. (ಮೈಲುತುತ್ತ ವಿಷ. ಕೈ ತೊಳೆಸದೆ ಮಕ್ಕಳಿಗೆ ಊಟದ ಡಬ್ಬಿ ಬಿಚ್ಚಲು ಬಿಡಬೇಡಿ.)

ಈ ಕಪ್ಪು ಉಳಿಯುವುದಿಲ್ಲ. ಬೆಳ್ಳಿ ತಂತಿ ಕೂರಿಸಿ, ಅರ ಹಾಕಿ ಉಜ್ಜಿದ ಮೇಲೆ ಕೋಟೆಯ ಮಣ್ಣು ಬರುತ್ತದೆ. ಮಳೆ, ಬಿಸಿಲು ತಾಗದ ಹಳೇ ಜಾಗದ ಮಣ್ಣು. ಅದನ್ನು ನಾಲಿಗೆಗಿಟ್ಟು ರುಚಿ ನೋಡಿ ಆರಿಸುತ್ತಾರೆ. ನವಸಾಗರದ (ಅಮೋನಿಯಂ ಕ್ಲೋರೈಡ್) ಜೊತೆ ಕಲಸಿ, ಬಿಸಿ ಮಾಡಿದ ಸಾಮಾನಿಗೆ ಹಚ್ಚಿದರೆ ಲೋಹ ಕಾಡಿಗೆಯಷ್ಟು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಸತುವಿನ ಜೊತೆ ಸ್ವಲ್ಪ ತಾಮ್ರ ಬೆರೆಸುವುದು ಈ ಕಪ್ಪಿಗಾಗಿಯೇ.

ಇಷ್ಟಾದ ಮೇಲೇ ಇತಿಹಾಸ. ಸತುವನ್ನು 1746ರಲ್ಲಿ ಬರ್ಲಿನ್ನಿನ ಮಾರ್ಗ್ರಾಫ್ ಬೇರ್ಪಡಿಸಿದ ಅಂತ ಮಕ್ಕಳು ಜಿಕೆ ಪುಸ್ತಕದಲ್ಲಿ ಓದಿರುತ್ತಾರೆ. ಆದರೆ 17ನೇ ಶತಮಾನದ ಬಿದರಿ ಸಾಮಾನು ಇಂದಿಗೂ ಉಳಿದಿವೆ. ಹಾಗಾದರೆ ಆ ಸತು ಎಲ್ಲಿಂದ ಬಂತು? ಸತು ತೆಗೆಯುವುದು ಕಷ್ಟ. ಅದಿರಿನಿಂದ ಬಿಡಿಸಲು ಸುಮಾರು 1000 ಡಿಗ್ರಿ ಶಾಖ ಬೇಕು. ಸತು 907 ಡಿಗ್ರಿಗೇ ಕುದಿಯುತ್ತದೆ. ಅಂದರೆ ಹುಟ್ಟುವಾಗಲೇ ಆವಿ. ಗಾಳಿ ತಾಗಿದರೆ ಉರಿದು ಬಿಳಿ ಪುಡಿ. ರಾಜಸ್ಥಾನದ ಜಾವರ್‌ನಲ್ಲಿ ಎಷ್ಟೋ ಶತಮಾನ ಮೊದಲೇ ಇದಕ್ಕೆ ಉಪಾಯ ಕಂಡುಕೊಂಡಿದ್ದರು. ಬದನೆಕಾಯಿ ಆಕಾರದ ಮಣ್ಣಿನ ಪಾತ್ರೆಗಳನ್ನು ಬಾಯಿ ಕೆಳಗಾಗಿಸಿ ಕುಲುಮೆಯಲ್ಲಿಟ್ಟು, ಆವಿಯನ್ನು ಕೆಳಗಿನ ತಂಪು ಪಾತ್ರೆಗೆ ಇಳಿಸುತ್ತಿದ್ದರು. ಇಂಗ್ಲೆಂಡಿನ ಬ್ರಿಸ್ಟಲ್‌ನ ವಿಲಿಯಂ ಚಾಂಪಿಯನ್ ಸತು ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ.

ಇಲ್ಲಿ ಮೇಷ್ಟ್ರು ಎಚ್ಚರವಾಗಿರಬೇಕು. "ನಮ್ಮ ಹಿರಿಯರಿಗೆ ಎಲ್ಲಾ ಗೊತ್ತಿತ್ತು" ಅಂದುಬಿಟ್ಟರೆ ಮಗು ಯೋಚಿಸುವುದನ್ನು ನಿಲ್ಲಿಸುತ್ತದೆ. ಅವರಿಗೆ ಸತುವಿನ ಪರಮಾಣು ಗೊತ್ತಿರಲಿಲ್ಲ, ಅದರ ಗುಣ ಗೊತ್ತಿತ್ತು. ಮಾರ್ಗ್ರಾಫ್ ಅದನ್ನು ಬೇರೆಯೇ ಲೋಹವೆಂದು ಜತನದಿಂದ ಪರೀಕ್ಷಿಸಿ ಬರೆದಿಟ್ಟ. ಎರಡೂ ವಿಜ್ಞಾನದ ಕೆಲಸವೇ. ಎರಡಕ್ಕೂ ಮರ್ಯಾದೆ ಸಲ್ಲಬೇಕು.

ಮ್ಯೂಸಿಯಂನಲ್ಲಿ ಈಗ ಮೊದಲ ಹತ್ತು ನಿಮಿಷ ಯಾರೂ ಫಲಕ ಓದುವ ಹಾಗಿಲ್ಲ. ಹೂಜಿಯ ಚಿತ್ರ ಬಿಡಿಸಬೇಕು. ಹೋದ ಸಲ ಒಬ್ಬ ಹುಡುಗಿ ಹೂಜಿಯ ಕತ್ತಿನ ಹತ್ತಿರ ಒಂದು ಸಣ್ಣ ಖಾಲಿ ಗೆರೆ ಬಿಡಿಸಿದ್ದಳು. ಬೆಳ್ಳಿ ಉದುರಿ ಹೋದ ಜಾಗ ಅದು. ತಂತಿ ಎಷ್ಟು ಆಳಕ್ಕೆ ಕೂತಿತ್ತು ಅಂತ ತಿಳಿಯಲು ಗಾಜಿಗೆ ಮೂಗು ಒತ್ತಿಕೊಂಡು ನಿಂತೇ ಇದ್ದಳು. ಬಸ್ಸಿನವರು ಎರಡು ಸಲ ಹಾರ್ನ್ ಹಾಕಿದರು. ನಾನು ಅವಳನ್ನು ಕರೆಯಲಿಲ್ಲ.